ಮೂರು ಟಾರ್ಚು, ಆರು ಸೆಲ್ಲು

ಈ ಸಲ ಒಂದೇ ಒಂದು ಟಾರ್ಚು ಕೈಕೊಟ್ಟರೂ ತನ್ನ ಹೆಸರು ಬದಲಾಯಿಸಿಕೊಳ್ಳುವುದಾಗಿ ಪುಟ್ಟಿಯ ಅಮ್ಮ ಘೋಷಿಸಿಬಿಟ್ಟಳು! ಕಳೆದ ಪ್ರವಾಸದಲ್ಲಿ ಬ್ಯಾಗಿನೊಳಗೆ ಟಾರ್ಚಿನ ಗುಂಡಿ ತಾನಾಗಿಯೇ ಅದುಮಿಕೊಂಡಿತ್ತು. ಅದು ದಾರಿಯುದ್ದಕ್ಕೂ ಕಾಲುಚೀಲಗಳಿಗೆ ಬೆಳಕು ತೋರಿಸಿ, ಬೇಕಾದ ಹೊತ್ತಿಗೆ ಸರಿಯಾಗಿ ಪ್ರಾಣ ಬಿಟ್ಟಿತ್ತು. ಆ ಕಥೆಯನ್ನು ಗಂಡ ಬಂದವರಿಗೆಲ್ಲ ಕಾಫಿಯ ಜೊತೆ ಬಡಿಸುತ್ತಿದ್ದ.

ಈಗ ಹೊರಟಿರುವುದು ಗುಹೆ ನೋಡಲು. ಒಬ್ಬೊಬ್ಬರ ಕೈಯಲ್ಲೂ ಉರಿಯುವ ಟಾರ್ಚು ಇರಲೇಬೇಕು, ಇಲ್ಲದವರಿಗೆ ಪ್ರವೇಶವಿಲ್ಲ ಎಂಬುದು ಅಲ್ಲಿನ ನಿಯಮ. ಐದು ವರ್ಷದ ಪುಟ್ಟಿಯೋ, ಒಂದು ತಿಂಗಳಿಂದ ಊಟದ ಮೇಜಿಗೆ ಹೊದಿಕೆ ಇಳಿಬಿಟ್ಟು, ಅದೇ ಗುಹೆಯೆಂದು ಅದರಡಿಯಲ್ಲೇ ಸಂಸಾರ ಹೂಡಿದ್ದಳು. ಗುಹೆಯ ಬಾಗಿಲಿಂದ ಈ ಮಗುವನ್ನು ವಾಪಸು ಕರೆತರುವುದೆಂದರೆ ಆಗದ ಮಾತು.

ಫೋನಿನಲ್ಲಿ ಸಂಶೋಧನೆ ನಡೆಯಿತು, ಉಪಾಯ ಸಿಕ್ಕಿತು. ಪ್ರತಿ ಟಾರ್ಚಿನ ಎರಡು ಸೆಲ್ಲುಗಳಲ್ಲಿ ಒಂದನ್ನು ಉಲ್ಟಾ ಹಾಕಿಟ್ಟರೆ ಆನೆ ಬಂದು ಗುಂಡಿಯ ಮೇಲೆ ಕೂತರೂ ಅದು ಹತ್ತುವುದಿಲ್ಲ. ಬೇಕಾದಾಗ ತಿರುಗಿಸಿ ಹಾಕಿದರಾಯಿತು. ಮೂರೂ ಟಾರ್ಚುಗಳಿಗೆ ಈ ಶಸ್ತ್ರಚಿಕಿತ್ಸೆ ಗುಟ್ಟಾಗಿ ನೆರವೇರಿತು. ಗಂಡನಿಗೆ ಹೇಳಲಿಲ್ಲ, ಹೇಳಿದ್ದರೆ ಕಾಫಿಗೆ ಇನ್ನೊಂದು ಕಥೆ.

ಹೊರಡುವ ಬೆಳಿಗ್ಗೆ ಟಾರ್ಚು ಇಟ್ಟಿರಾ ಎಂದು ಅವಳು ಎಂಟನೇ ಸಲ ಕೇಳಿದಾಗ ಗಂಡ ಸುಮ್ಮನೆ ಒಂದನ್ನು ಒತ್ತಿ ನೋಡಿದ. ಹತ್ತಲಿಲ್ಲ. ಉಳಿದೆರಡೂ ಅಷ್ಟೇ. ಬಿಚ್ಚಿದರೆ ಮೂರರಲ್ಲೂ ಒಂದು ಸೆಲ್ಲು ತಲೆಕೆಳಗು! ಪಾಪ, ಗಾಬರಿಯಲ್ಲಿ ತಪ್ಪಿ ಹಾಕಿದ್ದಾಳೆ ಎಂದು ಅವನ ಕರುಳು ಚುರುಕ್ಕೆಂದಿತು. ಅವಳಿಗೆ ಬೇಜಾರಾಗಬಾರದೆಂದು ಸದ್ದಿಲ್ಲದೆ ಎಲ್ಲ ಸರಿಮಾಡಿಟ್ಟ. ಮದುವೆಯಾದ ಆರು ವರ್ಷಗಳಲ್ಲಿ ಅವನು ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ.

ಗುಹೆಯ ಬಾಯಿ. ದಿನದ ಕೊನೆಯ ತಂಡ. ಗೈಡು ಟಾರ್ಚು ಕೇಳಿದ. ಪುಟ್ಟಿಯ ಅಮ್ಮ ಹಿಂದಿದ್ದವರಿಗೂ ಕೇಳುವಂತೆ ಸೆಲ್ಲಿನ ರಕ್ಷಣೆಯ ಬಗ್ಗೆ ಪುಟ್ಟ ಉಪನ್ಯಾಸ ಕೊಡುತ್ತಾ ಮೂರರಲ್ಲೂ ಒಂದೊಂದು ಸೆಲ್ಲು ತಿರುಗಿಸಿ ಹಾಕಿ, ರಾಣಿಯ ಗತ್ತಿನಲ್ಲಿ ಗುಂಡಿ ಒತ್ತಿದಳು.

ಒಂದೂ ಹತ್ತಲಿಲ್ಲ.

"ಬೆಳಿಗ್ಗೆ ಚೆನ್ನಾಗಿ ಉರೀತಿತ್ತಲ್ಲೇ," ಎಂದ ಗಂಡ.

"ಹೇಗೆ ಉರಿಯುತ್ತೆ? ಉರೀಬಾರ್ದು ಅಂತ ಸೆಲ್ಲು ಉಲ್ಟಾ ಹಾಕಿದ್ದೇ ನಾನು."

"ಬೇಕೂಂತ ಹಾಕಿದ್ಯಾ? ನಾನು ಸರಿಮಾಡ್ದೆ."

"ಅಯ್ಯೋ, ಒಂದು ಮಾತು ಹೇಳ್ಬಾರ್ದಾ ರೀ?"

"ನೀನು ಹೇಳಿದ್ಯಾ?"

ಸತ್ಯವೇನೋ ಬೆಳಕಿಗೆ ಬಂತು, ಟಾರ್ಚು ಬರಲಿಲ್ಲ. ಅವಸರದಲ್ಲಿ ಅವನು ಮುಂದಿನ ಸೆಲ್ಲು ತಿರುಗಿಸಿದ, ಅವಳು ಹಿಂದಿನದು. ಅವನು ಸರಿಮಾಡಿದ್ದನ್ನು ಅವಳು ಕೆಡಿಸಿದಳು, ಅವಳು ಸರಿಮಾಡಿದ್ದನ್ನು ಅವನು. ಒಂದು ಸೆಲ್ಲು ಇವರ ಸಹವಾಸವೇ ಬೇಡವೆಂದು ಇಳಿಜಾರಿನಲ್ಲಿ ಉರುಳಿಕೊಂಡು ಹೊರಟಿತು. ಸಾಲಿನಲ್ಲಿದ್ದವರು ತಮ್ಮ ಮಕ್ಕಳಿಗೆ ಬಿಸ್ಕತ್ತು ಹಂಚತೊಡಗಿದರು. ಪುಟ್ಟಿ ಅಳಲೂ ಇಲ್ಲ, ಗುಹೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ನಾನೊಬ್ಳೇ ಹೋಗಿ ಬರ್ಲಾ?" ಎಂದು ಗೈಡನ್ನು ಕೇಳಿದಳು. ಅಮ್ಮನ ಕಣ್ಣಲ್ಲಿ ನೀರಾಡಿತು.

ಗೈಡು ನಿಟ್ಟುಸಿರುಬಿಟ್ಟು, ಉರುಳಿದ ಸೆಲ್ಲನ್ನು ತಾನೇ ಹೆಕ್ಕಿ ತಂದು, ಆರನ್ನೂ ನೆಟ್ಟಗೆ ಕೂರಿಸಿದ. ಮೂರೂ ಝಗ್ಗೆಂದವು!

ಒಳಗೆ ಪುಟ್ಟಿಯ ಅಮ್ಮ ಟಾರ್ಚನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ನಡೆದಳು. ಇನ್ನು ಪ್ರಳಯವಾದರೂ ಬಿಡುವವಳಲ್ಲ. ವಿಶಾಲವಾದ ಒಂದು ಜಾಗದಲ್ಲಿ ಗೈಡು ಎಲ್ಲರನ್ನೂ ನಿಲ್ಲಿಸಿದ. ಇಂಥ ಅಪ್ಪಟ ಕತ್ತಲೆ ಭೂಮಿಯ ಮೇಲೆ ಸಿಗುವುದಿಲ್ಲ, ಜನ ಇಷ್ಟು ದೂರ ಬರುವುದೇ ಇದನ್ನು ನೋಡಲು, ಎಲ್ಲರೂ ಟಾರ್ಚು ಆರಿಸಿ ಎಂದ. ಒಂದೊಂದಾಗಿ ಇಪ್ಪತ್ತು ಬೆಳಕುಗಳು ಆರಿದವು. ಒಂದು ಉಳಿಯಿತು.

"ಅಮ್ಮಾ, ಆರಿಸು," ಪುಟ್ಟಿ ಪಿಸುಗುಟ್ಟಿದಳು. ಒಂದೇ ನಿಮಿಷ ಎಂದಳು ಅಮ್ಮ. ಹೆಬ್ಬೆರಳು ಮಾತು ಕೇಳುತ್ತಿರಲಿಲ್ಲ. ಆ ನಿಮಿಷ ಕಳೆಯಿತು, ಇನ್ನೊಂದೂ ಕಳೆಯಿತು.

ಕತ್ತಲೆಯೊಳಗಿಂದ ಗೈಡಿನ ದನಿ ತಾಳ್ಮೆಯಿಂದ ಬಂತು:

"ಹತ್ತಿಸಿಕೊಟ್ಟಿದ್ದು ನಾನೇ, ಸರಿ. ಆರಿಸೋಕೂ ನಾನೇ ಬರ್ಬೇಕಾ, ತಾಯಿ?"