ಆರು ಪ್ರಶ್ನೆಗಳ ಕಾಗದ

ಪ್ರಿಂಟರಿನಿಂದ ಮೂರು ಹಾಳೆ ಬರಬೇಕಿತ್ತು, ನಾಯೆಫ್ ಎರಡನ್ನೇ ಎತ್ತಿಕೊಂಡು ಬಂದ. ಸಿಕ್ಕಿಹಾಕಿಕೊಂಡಿದ್ದ ನಡುವಿನ ಹಾಳೆ ಅವನು ಬೆನ್ನು ತಿರುಗಿಸಿದ ಮೇಲೆ ನಿಧಾನವಾಗಿ ಹೊರಬಿತ್ತು. ಆ ದಿನದ ಅನಾಹುತಕ್ಕೆಲ್ಲ ಮೂಲ ಅದೇ.

ಕರಕ್ ಊರಿನ ಆ ಸಂಸ್ಥೆ ಮೂರು ವರ್ಷದಿಂದ ಹಳ್ಳಿಯ ಹೆಂಗಸರಿಗೆ ಜಮೀದ್ ಮಾಡುವುದನ್ನು ಕಲಿಸುತ್ತಿತ್ತು. ಕುರಿಹಾಲಿನ ಮಜ್ಜಿಗೆ ಕಡೆದು, ಗಟ್ಟಿ ಮಾಡಿ, ಉಂಡೆ ಕಟ್ಟಿ ಒಣಗಿಸುವುದನ್ನು ಕರಕಿನ ಹೆಂಗಸರಿಗೆ ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ರಾಜಧಾನಿ ಅಮ್ಮಾನಿನಲ್ಲಿ ಕೂತ ದಾನಿಗಳಿಗೆ ಪಾಪ ಅದು ಗೊತ್ತಿರಲಿಲ್ಲ. ಈಗ ಯೋಜನೆ ಮುಗಿಯುತ್ತ ಬಂದಿತ್ತು, ಗುರುವಾರಕ್ಕೆ ಎಲ್ಲರ ಕಾಂಟ್ರಾಕ್ಟೂ ಮುಗಿಯುತ್ತಿತ್ತು. ಹೊರಗಿನ ತಜ್ಞರು ಬಂದು ತೂಗಿ ನೋಡಿ ಚೆನ್ನಾಗಿದೆ ಅಂದರೆ ಮಾತ್ರ ಎರಡನೇ ಹಂತ. ಆ ತಜ್ಞರು ಏನು ನೋಡಬೇಕು, ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು, ಯಾರನ್ನು ಕೇಳಬೇಕು ಎಂದು ಮೊದಲೇ ಬರೆದುಕೊಡುವ ಕಾಗದಕ್ಕೆ ಟಿಓಆರ್ ಎನ್ನುತ್ತಿದ್ದರು. ಅದು ಉಸ್ತುವಾರಿ ಅಧಿಕಾರಿ ನಾಯೆಫ್ ತಲೆಗೆ ಬಿದ್ದಿತ್ತು. ಸಂಜೆ ಐದರೊಳಗೆ ಕಳಿಸಿ ಅಮ್ಮಾನಿನವರನ್ನು ಒಪ್ಪಿಸಿದರೆ ನಿಮ್ಮ ಕೆಲಸ ಉಳಿಯುತ್ತದೆ ಎಂದು ನಿರ್ದೇಶಕಿ ಸಿತ್ ರಬಾಬ್ ಮಾತು ಕೊಟ್ಟಿದ್ದರು. ಹೆಂಡತಿಗೆ ಏಳು ತಿಂಗಳು ತುಂಬಿತ್ತು, ಅವನಿಗೆ ಆ ಕೆಲಸ ಬೇಕೇ ಬೇಕಿತ್ತು.

ಪ್ರಶ್ನೆ ಆರಕ್ಕಿಂತ ಹೆಚ್ಚಾದರೆ ಟಿಓಆರ್ ಕೆಟ್ಟಿತು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾಯೆಫ್ ಆರೇ ಬರೆದಿದ್ದ. ಆ ಆರೂ ಇದ್ದದ್ದು ನಡುವಿನ ಹಾಳೆಯಲ್ಲಿ.

ಹಾಳೆ ಡ್ರೈವರ್ ಅಬು ಹಾಯೆಲ್ ಕೈಗೆ ಸಿಕ್ಕಿತು. ಮೇಲೆ ತಲೆಬರಹವಿಲ್ಲ, ಬರೀ ಪ್ರಶ್ನೆ. ಇದು ನಿಜಕ್ಕೂ ಬೇಕಿತ್ತೇ? ಹೇಳಿದಷ್ಟು ಕೆಲಸ ಆಯಿತೇ? ಇಲ್ಲದಿದ್ದರೂ ನಡೆಯುತ್ತಿತ್ತೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಮನುಷ್ಯ ಅವನು. ಎರಡು ಸಲ ಓದಿ, ಇದು ತನ್ನನ್ನು ಕುರಿತೇ ಬರೆದದ್ದು ಎಂದು ತೀರ್ಮಾನಿಸಿದ.

ಹತ್ತು ಗಂಟೆಗೆ ಬಂದು ನಾಯೆಫ್ ಎದುರು ಕೂತ. ನಾಯೆಫ್ ಥರ್ಮಾಸಿನಿಂದ ಕಾಫಿ ಬಗ್ಗಿಸಿ ಕೊಟ್ಟ. ಅಬು ಹಾಯೆಲ್ ಅದನ್ನು ತುಟಿಗೆ ತಾಗಿಸದೆ ಮೇಜಿನ ಮೇಲಿಟ್ಟು ಕೈಕಟ್ಟಿದ. ಆ ಸೀಮೆಯಲ್ಲಿ ಬಂದವನು ಹಾಗೆ ಕಾಫಿ ಕೆಳಗಿಟ್ಟರೆ ಏನೋ ಕೇಳಲು ಬಂದಿದ್ದಾನೆ ಎಂದರ್ಥ. ಕೊಡುತ್ತೇನೆ ಎನ್ನುವ ತನಕ ಕುಡಿಯುವುದಿಲ್ಲ, ಕುಡಿಯದೆ ಎದ್ದುಹೋದರೆ ಕಾಫಿ ಕೊಟ್ಟವನ ಮಾನ ಹೋಯಿತು. ಹೆಣ್ಣು ಕೇಳುವುದಕ್ಕೆ, ಕೊಲೆ ಜಗಳ ತೀರಿಸುವುದಕ್ಕೆ ಇದ್ದ ಪದ್ಧತಿ ಅದು, ಟಿಓಆರಿಗೆ ಯಾರೂ ಬಳಸಿದ್ದಿಲ್ಲ.

“ಕುಡೀರಿ ಅಬು ಹಾಯೆಲ್, ಆರಿಹೋಗುತ್ತೆ.”

“ಆರ್ಲಿ. ನಾನಿಲ್ದಿದ್ರೂ ನಡೀತಿತ್ತಾ ಅಂತ ಬರ್ದಿದೀಯಲ್ಲ, ಗಾಡಿ ನಿಮ್ಮಪ್ಪ ಬಂದು ಓಡಿಸ್ತಿದ್ನಾ?”

“ಅದು ನಿಮ್ಮ ಬಗ್ಗೆ ಅಲ್ಲ, ಯೋಜನೆ ಬಗ್ಗೆ.”

“ಯೋಜನೇಲಿ ದಿನಾ ಓಡಿದ್ದು ಅಂದ್ರೆ ನನ್ನ ಗಾಡಿ ಒಂದೇ ಕಣಪ್ಪ. ಸರಿ, ನನ್ನ ಬಗ್ಗೆ ಅಲ್ಲ ಅನ್ನೋದಾದ್ರೆ ಇನ್ನೊಬ್ರ ಬಗ್ಗೆ ಒಂದು ಸೇರ್ಸು, ಆಗ ನಂಬ್ತೀನಿ. ಕರೆಂಟೇ ಇಲ್ದಿರೋ ಹಳ್ಳಿಗೆ ಮಜ್ಜಿಗೆ ಕಡೆಯೋ ಮಷೀನು ಯಾಕೆ ಕಳಿಸಿದ್ರು? ಕೇಳು ಆ ಅಬು ಸಕರ್‌ನ.”

ನಾಯೆಫ್ ಏಳನೇ ಪ್ರಶ್ನೆ ಬರೆದ. ಅಬು ಹಾಯೆಲ್ ಒಂದೇ ಗುಟುಕಿಗೆ ಕಾಫಿ ಮುಗಿಸಿ ಎದ್ದ.

ಗಾಜಿನ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದವನು ಅಬು ಸಕರ್. ಕಚೇರಿಯ ಖರೀದಿ, ಲೆಕ್ಕ ಎರಡೂ ಅವನದೇ. ಐದು ನಿಮಿಷದಲ್ಲಿ ಅವನ ಬಟ್ಟಲೂ ಮೇಜಿನ ಮೇಲೆ ಹಬೆಯಾಡುತ್ತಿತ್ತು.

“ಅವನು ಕುಡಿದ, ನಾನೇ ನೋಡ್ದೆ. ಏನು ಕೊಟ್ಟೆ ಅವನಿಗೆ?”

“ಏನೂ ಇಲ್ಲ.”

“ಏನೂ ಸಿಗದೆ ಕುಡಿಯೋ ಆಸಾಮಿ ಅಲ್ಲ ಅದು. ಬರ್ಕೋ. ವಾರದಲ್ಲಿ ಮೂರು ದಿನ ಆಫೀಸ್ ಗಾಡಿ ಡ್ರೈವರ್ ಮಗಳ ಮನೆ ಮುಂದೆ ಯಾಕೆ ನಿಂತಿರುತ್ತೆ?” ನಾಯೆಫ್ ಬರೆದ. ಅಬು ಸಕರ್ ಬಟ್ಟಲು ಎತ್ತಿ ಮತ್ತೆ ಕೆಳಗಿಟ್ಟ. “ಇನ್ನೊಂದು. ಕರೆಂಟಿರೋ ಹಳ್ಳಿಗಳ ಎಂಟು ಮಷೀನಲ್ಲಿ ಎಷ್ಟು ಮಜ್ಜಿಗೆ ಕಡೀತಿವೆ, ಎಷ್ಟು ಬಟ್ಟೆ ಒಗೀತಿವೆ? ಅದನ್ನ ಉಮ್ ಗಾಲೆಬ್ ಹೇಳ್ಲಿ.”

ತರಬೇತಿ ಕೊಡುವ ಉಮ್ ಗಾಲೆಬ್ ಮಧ್ಯಾಹ್ನದ ನಮಾಜು ಮುಗಿಸಿ ನೆಟ್ಟಗೆ ಅಲ್ಲಿಗೇ ಬಂದಳು. ಮಷೀನಿನ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು.

“ನೋಡು ಮಗನೇ, ಒಗೆದ್ರೆ ಏನಾಯ್ತು? ಹೆಂಗಸ್ರಿಗೆ ಕೈ ನೋವು ತಪ್ಪಿತು, ಅದೂ ಉಪಕಾರಾನೇ. ಆದ್ರೆ ನಿಮ್ಮ ಮೇಡಂ ಉದ್ಘಾಟನೆ ಫೋಟೋದಲ್ಲಿ ಹಿಡ್ಕೊಂಡ್ರಲ್ಲ ಜಮೀದ್, ಅದು ನಮ್ದಲ್ಲ, ಪೇಟೆಯಿಂದ ಕೊಂಡು ತಂದಿದ್ದು. ಅದನ್ಯಾಕೆ ಯಾರೂ ಕೇಳಲ್ಲ?”

“ಚಿಕ್ಕಮ್ಮ, ಆರಕ್ಕಿಂತ ಜಾಸ್ತಿ ಪ್ರಶ್ನೆ ಇರಬಾರದು.”

“ನನ್ನ ಕಾಫಿ ತಣ್ಣಗಾಗ್ತಿದೆ,” ಎಂದಳು ಉಮ್ ಗಾಲೆಬ್.

ಅವಳು ಕುಡಿದು ಹೋದದ್ದನ್ನು ಅಬು ಹಾಯೆಲ್ ನೋಡಿದ, ಎರಡನೇ ಸಲ ಬಂದ. ಅವನನ್ನು ನೋಡಿ ಅಬು ಸಕರ್ ಬಂದ. ಮಧ್ಯಾಹ್ನವೆಲ್ಲ ಹೀಗೇ ನಡೆಯಿತು. ನಾಲ್ಕು ಗಂಟೆಗೆ ಎಣಿಸಿದರೆ ಮೂವತ್ತನಾಲ್ಕು ಪ್ರಶ್ನೆ. ಹೊಸದಾಗಿ ಸೇರಿದ ಒಂದೊಂದೂ ಊರು, ದಿನ, ಗಂಟೆ ಸಮೇತ.

ಇನ್ನು ಮೇಡಮ್ಮೇ ಗತಿ ಎಂದು ನಾಯೆಫ್ ಸಿತ್ ರಬಾಬ್ ಕೋಣೆಗೆ ಹೋದ. ಅವರು ಬಾಗಿಲು ಹಾಕಿಸಿ ಇಡೀ ಪಟ್ಟಿ ಓದಿದರು.

“ಮೇಡಂ, ಇಪ್ಪತ್ತೆಂಟು ತೆಗೆದುಬಿಡ್ಲಾ? ಈ ಫೋಟೋದ್ದು ಮೊದಲು.”

“ಫೋಟೋದ್ದೇ ಮೊದಲು ತೆಗೀಬೇಕು ಅಂತ ನಿಮಗ್ಯಾಕೆ ಅನ್ನಿಸ್ತು?” ಎಂದು ಅವರು ಕನ್ನಡಕ ತೆಗೆದರು. “ಯಾರು ಹೇಳಿ ಕಳಿಸಿದ್ರು? ಇದನ್ನ ತೆಗೆದ್ರೆ ನಾನು ಮುಚ್ಚಿಟ್ಟೆ ಅಂತಾರೆ. ಅವರದ್ದನ್ನ ತೆಗೆದ್ರೆ ನೀವು ಅವರ ಕಡೆ ಅಂತಾಯ್ತು. ಒಂದಕ್ಷರ ತೆಗೀಬೇಡಿ, ಹೀಗೇ ಕಳಿಸಿ.”

ಐದಕ್ಕೆ ಐದು ನಿಮಿಷ ಇರುವಾಗ ಕಳಿಸಿದ. ಅಮ್ಮಾನಿನಲ್ಲಿ ಮೊದಲ ಪುಟ ದಾಟಿ ಯಾರು ಓದುತ್ತಾರೆ ಎಂಬ ಒಂದೇ ಧೈರ್ಯ ಅವನಿಗೆ.

ಐದೂವರೆಗೆ ಫೋನು ಬಂತು. ದಾನಿ ಕಚೇರಿಯ ಹನಾದಿ. ಒಬ್ಬರೂ ಮನೆಗೆ ಹೋಗಿರಲಿಲ್ಲ. ನಾಲ್ವರೂ ಬಂದು ನಾಯೆಫ್ ಮೇಜಿನ ಸುತ್ತ ನಿಂತರು.

“ನಾಯೆಫ್ ಅವ್ರೇ, ಒಂದನೇ ಪುಟ ಓದಿ ಬಿಡೋದು ನನ್ನ ಅಭ್ಯಾಸ. ಇದನ್ನ ಕೆಳಗಿಡಕ್ಕೇ ಆಗ್ಲಿಲ್ಲ. ಇದಕ್ಕೆ ಉತ್ತರ ಹುಡುಕೋಕೆ ತಜ್ಞರು ಯಾಕೆ, ಪ್ರಶ್ನೆಯಲ್ಲೇ ಎಲ್ಲ ಇದೆಯಲ್ಲ. ಎರಡನೇ ಹಂತ ಇಲ್ಲ.”

ನಾಯೆಫ್ ಫೋನನ್ನು ಕಿವಿಗೆ ಒತ್ತಿಕೊಂಡ, ಹನಾದಿ ಮುಂದುವರಿಸಿದರು.

“ಒಂದು ಮಾತ್ರ ಅರ್ಥ ಆಗ್ಲಿಲ್ಲ. ತಿಂಗಳಿಗೊಂದರ ಹಾಗೆ ಮೂವತ್ತಾರು ವರದಿ, ಎಲ್ಲ ಸುಸೂತ್ರ ಅಂತ ಬರೆದು ಸಹಿ ಹಾಕಿದೋರು ನೀವೇ ಅಲ್ವಾ? ಅದಕ್ಕೇ ಮೂವತ್ತನಾಲ್ಕನ್ನೂ ಹೊಡೆದುಹಾಕಿ ಒಂದೇ ಪ್ರಶ್ನೆ ಇಟ್ಟಿದೀನಿ. ಇಷ್ಟೆಲ್ಲ ನಡೆಯುವಾಗ ಉಸ್ತುವಾರಿ ಅಧಿಕಾರಿ ಏನು ಮಾಡುತ್ತಿದ್ದರು? ತಜ್ಞರು ಭಾನುವಾರ ಬರ್ತಾರೆ. ಅವರು ಮುಗಿಸೋವರೆಗೂ ನೀವು ಎಲ್ಲೂ ಹೋಗೋ ಹಾಗಿಲ್ಲ, ನಿಮ್ಮ ಕಾಂಟ್ರಾಕ್ಟ್ ಒಂದು ತಿಂಗಳು ಮುಂದುವರಿಸಿದೀವಿ.”

ನಾಯೆಫ್ ಫೋನು ಇಟ್ಟ.

“ಏನಂತೆ?” ಎಂದರು ಸಿತ್ ರಬಾಬ್.

“ಎರಡನೇ ಹಂತ ಇಲ್ವಂತೆ. ಎಲ್ರಿಗೂ ಗುರುವಾರವೇ ಕೊನೆ.”

“ನಿನಗೆ?” ಎಂದ ಅಬು ಸಕರ್.

“ನನಗೆ ಮಾತ್ರ ಒಂದು ತಿಂಗಳು ಜಾಸ್ತಿ ಕೊಟ್ಟಿದಾರೆ.”

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ವರ್ಷದಲ್ಲಿ ಮೊದಲ ಸಲ ಅವರೆಲ್ಲರಿಗೂ ಒಂದೇ ಅಭಿಪ್ರಾಯ ಬಂದಿತ್ತು.

“ಅಮ್ಮಾನಲ್ಲಿ ನಿನ್ನ ಕಡೆಯೋರು ಯಾರಿದಾರೆ ಮಗನೇ?” ಉಮ್ ಗಾಲೆಬ್ ಮೆಲ್ಲಗೆ ಕೇಳಿದಳು.

“ಯಾರೂ ಇಲ್ಲ ಚಿಕ್ಕಮ್ಮ, ದೇವರಾಣೆ,” ಎಂದ ನಾಯೆಫ್. ಅಷ್ಟರಲ್ಲಿ ಕಂಪ್ಯೂಟರಿಗೆ ಹನಾದಿ ತಿದ್ದಿದ ಟಿಓಆರ್ ಬಂದು ಕೂತಿತು. ಒಂದೇ ಪುಟ. ಪ್ರಶ್ನೆ ಒಂದು. ಅದರ ಕೆಳಗೆ, ಉತ್ತರಕ್ಕಾಗಿ ತಜ್ಞರು ಯಾರನ್ನು ಕೇಳತಕ್ಕದ್ದು ಎಂಬಲ್ಲಿ, ಸಿತ್ ರಬಾಬ್, ಅಬು ಸಕರ್, ಉಮ್ ಗಾಲೆಬ್, ಅಬು ಹಾಯೆಲ್ ಎಂದು ನಾಲ್ಕು ಹೆಸರು.