ನೀಲಗಡದ ವಾರಸುದಾರ

ಆಟ ಪುಕ್ಕಟೆ ಬಂದದ್ದು. ಆದರೆ ಅದನ್ನು ಇಳಿಸಿಕೊಳ್ಳಲು ಮುನ್ನೂರು ರೂಪಾಯಿಯ ರೀಚಾರ್ಜು, ಲ್ಯಾಪ್‌ಟಾಪಿಗೆ ಒಂಬೈನೂರರ ಚಾರ್ಜರು, ನೋಡಲು ಕೂತವರಿಗೆ ನೂರ ಎಂಬತ್ತರ ಗೋಳಿಬಜೆ, ಟೆಂಪೋ ಅಂಗಳದಲ್ಲೇ ನಿಂತದ್ದಕ್ಕೆ ಒಂದು ದಿನದ ಬಂಗುಡೆ ವ್ಯಾಪಾರ. ಉಚ್ಚಿಲದಿಂದ ಕಾರ್ಕಳಕ್ಕೆ ಮೀನು ಸಾಗಿಸುವ ಕೀರ್ತನ್ ಇಷ್ಟು ಖರ್ಚು ಮಾಡಿದ್ದು ಆಟದ ಹುಚ್ಚಿನಿಂದಲ್ಲ, ಮದುವೆಯ ಆಸೆಯಿಂದ.

ಹುಡುಗಿ ಕಾರ್ಕಳದ ಪ್ರಣೀತಾ. ಮಣಿಪಾಲದ ಒಂದು ಸಣ್ಣ ಕಂಪನಿಯಲ್ಲಿ ವಿಡಿಯೋ ಗೇಮುಗಳಿಗೆ ಕತೆ ಬರೆಯುವ ಕೆಲಸ. ಎರಡೂ ಮನೆಯವರು ಒಪ್ಪಿಯಾಗಿತ್ತು, ಅವಳು ಮಾತ್ರ ಹೂಂ ಅಂದಿರಲಿಲ್ಲ. ಹಿಂದಿನ ದಿನ ಫೋನು ಮಾಡಿ, "ನಾವು ಮಾಡಿದ 'ನೀಲಗಡ' ಅಂತ ಆಟ ಉಂಟು, ಕಳಿಸಿದ್ದೇನೆ. ನಾಳೆ ಆಡಿ. ಸಂಜೆ ಮಣಿಪಾಲಕ್ಕೆ ಬಂದು ಅದರಲ್ಲಿ ಎಂತ ಒಳ್ಳೆಯದುಂಟು, ಎಂತ ಕೊರತೆ ಉಂಟು ಹೇಳಿ. ಆಮೇಲೆ ನನ್ನ ಉತ್ತರ ಹೇಳ್ತೇನೆ," ಎಂದಿದ್ದಳು.

ಕೀರ್ತನ್ ಹುಟ್ಟಿದ ಮೇಲೆ ಆಡಿದ ಆಟ ಕೇರಂ ಒಂದೇ. ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಿಯ ಮಗ ಕುವೈತಿಗೆ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪನ್ನು ಬೇಡಿ ತಂದು ಜಗಲಿಯಲ್ಲಿ ತೆರೆದ. ಲ್ಯಾಪ್‌ಟಾಪಿನ ಕಾವಲಿಗೆಂದು ಗ್ಲ್ಯಾಡಿಸ್ ಬಾಯಿಯೂ ಕುರ್ಚಿ ಎಳೆದುಕೊಂಡು ಕೂತರು. ಅಕ್ಕ ಸುಗಂಧಿ ಒಲೆ ಸಣ್ಣ ಮಾಡಿ ಬಂದಳು. ಮೀನುಗಾರರ ಸೊಸೈಟಿಯಲ್ಲಿ ಹಿಂದೆ ಕಾರ್ಯದರ್ಶಿಯಾಗಿದ್ದ ಸೋದರಮಾವ ಸರ್ವೋತ್ತಮ ಚಹಾಕ್ಕೆಂದು ಬಂದವರು ನಡುವಿನ ಜಾಗ ಹಿಡಿದರು.

ಪರದೆಯ ಮೇಲೆ ಒಬ್ಬ ಕತ್ತಿಯವ, ಒಬ್ಬಳು ಬಿಲ್ಲಿನವಳು, ಒಬ್ಬಳು ಮದ್ದು ಕೊಡುವ ಮುದುಕಿ. ಎದುರಿಗೆ ಒಬ್ಬ ರಾಕ್ಷಸ, ಬಸ್ಸಿನಲ್ಲಿ ಸೀಟು ಸಿಗದವನ ಹಾಗೆ ನಿಂತಲ್ಲೇ ತೂಗಾಡುತ್ತಿದ್ದ.

"ಅವನು ಯಾಕೆ ಸುಮ್ಮನೆ ನಿಂತಿದ್ದಾನೆ?" ಮಾವ ಕೇಳಿದರು.

"ಈಗ ನಮ್ಮ ಸರದಿ ಅಂತೆ ಮಾವ. ನಾವು ಹೊಡೆದ ಮೇಲೆ ಅವನು ಹೊಡೆಯುವುದಂತೆ."

"ನಾವು ಹೊಡೆಯದಿದ್ದರೆ?"

"ಕಾಯ್ತಾನೆ."

"ನಮ್ಮ ಮೀನಿನ ಏಲಂನಲ್ಲಿ ಇಲ್ಲದ ಮರ್ಯಾದೆ ಇವನಿಗುಂಟಲ್ಲ ಮಾರಾಯ," ಎಂದು ಮಾವ ಕಾಲು ಚಾಚಿದರು. "ಹಾಗಾದರೆ ಅವಸರ ಎಂತಕ್ಕೆ? ಮಾತಾಡಿಯೇ ಹೊಡೆಯುವ."

ಕೀರ್ತನನ ಕಷ್ಟ ಶುರುವಾದದ್ದು ಅಲ್ಲಿಂದ. ಕತ್ತಿಯೋ ಬಾಣವೋ ಎಂದು ತೀರ್ಮಾನವಾಗುವಷ್ಟರಲ್ಲಿ ಒಂದು ಸುತ್ತು ಚಹಾ ಮುಗಿಯಿತು. ಗ್ಲ್ಯಾಡಿಸ್ ಬಾಯಿಗೆ ರಾಕ್ಷಸನ ಮೇಲೆ ಕನಿಕರ. "ಪಾಪ, ಇಷ್ಟು ಹೊತ್ತು ಕಾದಿದ್ದಾನೆ. ಬಿಟ್ಟುಬಿಡು, ಅವನಿಗೂ ಮಕ್ಕಳಿರಬಹುದು," ಎಂದರು. ಬಿಡುವ ಗುಂಡಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹುಡುಕುತ್ತಿರುವಾಗ ಮಾವನ ಬೆರಳು ತಾಗಿ ಕತ್ತಿ ಬೀಸಿತು, ರಾಕ್ಷಸ ಸತ್ತ, ಗ್ಲ್ಯಾಡಿಸ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು.

ಮುಂದೆ ಒಂದು ಸಂತೆ ಬಂತು. ರಾಕ್ಷಸನಿಂದ ಸಿಕ್ಕಿದ ಚಿನ್ನದಲ್ಲಿ ಗುರಾಣಿ ಕೊಳ್ಳಬೇಕೆಂದು ಕೀರ್ತನನಿಗೆ ಅನಿಸಿತು.

"ಗುರಾಣಿ ತಿಂತೀಯಾ?" ಸುಗಂಧಿ ಕೇಳಿದಳು. "ಬೆಳಗಿನಿಂದ ನಡೀತಿದ್ದಾರೆ, ಒಬ್ಬರಿಗೂ ಒಂದು ತುತ್ತು ಊಟ ಇಲ್ಲ. ಬುತ್ತಿ ತೆಗೆದುಕೋ."

"ಎಷ್ಟು ಅಕ್ಕ?"

"ದೂರದ ದಾರಿ. ನಲವತ್ತಿರಲಿ."

ಚಿನ್ನ ಖಾಲಿಯಾಯಿತು. ಆಮೇಲೆ ಹತ್ತು ಹೆಜ್ಜೆಗೊಂದು ತೋಳ. ಪ್ರತಿ ತೋಳಕ್ಕೂ ಅದೇ ಸರದಿ, ಅದೇ ಚರ್ಚೆ. ನಡುವೆ ಬುತ್ತಿ ಹೊತ್ತ ಮುದಿ ಕುದುರೆ ಸತ್ತಾಗ ಗ್ಲ್ಯಾಡಿಸ್ ಬಾಯಿ ಸೆರಗಿನಲ್ಲಿ ಮೂಗು ಒರೆಸಿದರು. ಕಾರ್ಕಳದ ಹೋಟೆಲಿನವನು ಮೂರು ಸಲ ಫೋನು ಮಾಡಿದ. ಟೆಂಪೋದಲ್ಲಿ ಐಸು ಕರಗಿ ಅಂಗಳದಲ್ಲಿ ತೋಡು ಹರಿಯಿತು, ಊರಿನ ಬೆಕ್ಕುಗಳು ಸರದಿಯಿಲ್ಲದೆ ಬಂದವು.

ಮಧ್ಯಾಹ್ನದ ಹೊತ್ತಿಗೆ ನೀಲಗಡದ ಮುದಿ ರಾಜ ಹಾಸಿಗೆ ಹಿಡಿದು, ಕತ್ತಿಯವನ ಕೈಗೆ ಮುದ್ರೆಯುಂಗುರ ಕೊಟ್ಟ. ಪರದೆಯ ಮೇಲೆ ಪ್ರಶ್ನೆ ಮೂಡಿತು: ಕೋಟೆಯನ್ನು ಯಾರಿಗೆ ಕೊಡುವೆ? ರಾಜನ ಮಗನಿಗೋ, ರಾಜನ ಅಕ್ಕನ ಮಗನಿಗೋ?

ಬೆಳಗಿನಿಂದ ಮೊದಲ ಸಲ ಜಗಲಿಯಲ್ಲಿ ಚರ್ಚೆ ಇರಲಿಲ್ಲ.

"ಇದರಲ್ಲಿ ಕೇಳುವುದೆಂತ ಉಂಟು?" ಎಂದರು ಮಾವ. "ಅಳಿಯಕಟ್ಟಿನವರು ನಾವು. ನನ್ನ ಸೋದರಮಾವನ ದೋಣಿ ನನಗೆ ಬಂದದ್ದು ಹೇಗೆ? ಅಕ್ಕನ ಮಗನಿಗೇ ಸೇರಬೇಕು."

ಎಂಟನೇ ಕ್ಲಾಸಿನ ಮಗನಿರುವ ಸುಗಂಧಿಗೆ ಇದು ತುಂಬ ನ್ಯಾಯವಾಗಿ ಕಂಡಿತು.

"ಈಗ ಕಾನೂನು ಬೇರೆ ಅಲ್ವಾ?" ಎಂದು ಕೀರ್ತನ್ ಹೇಳುವುದರೊಳಗೆ ಅವಳೇ ಗುಂಡಿ ಒತ್ತಿದ್ದಳು.

ಮಗ ಸಿಟ್ಟಾಗಿ ಸೈನ್ಯ ಕರೆದುಕೊಂಡು ಹೋದ, ಶತ್ರುಗಳು ಬಂದರು, ಕೋಟೆ ಸುಟ್ಟಿತು. 'ನೀವು ಸೋತಿರಿ' ಎಂದು ಕೆಂಪಕ್ಷರ ಬಂತು.

"ಕತೆ ಬರೆದವರಿಗೆ ನಮ್ಮ ಕ್ರಮ ಗೊತ್ತಿಲ್ಲ," ಎಂದರು ಮಾವ. "ಅದನ್ನೇ ಅವಳ ಹತ್ತಿರ ಹೇಳು. ಹೆದರಬೇಡ."

ಸಂಜೆ ಕೀರ್ತನ್ ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿ ಮಣಿಪಾಲದ ಒಂದು ಜ್ಯೂಸಿನ ಅಂಗಡಿಯಲ್ಲಿ ಪ್ರಣೀತಾಳ ಎದುರು ಕೂತ. ಒಳ್ಳೆಯದು ಮೊದಲು ಹೇಳಿದ. "ಕತೆ ಚಂದ ಉಂಟು. ಕುದುರೆ ಸತ್ತಾಗ ನಮ್ಮ ಗ್ಲ್ಯಾಡಿಸ್ ಬಾಯಿ ಅತ್ತರು. ಮತ್ತೆ, ಸರದಿ ಬರುವವರೆಗೆ ಯಾರೂ ಮೈಮೇಲೆ ಬರುವುದಿಲ್ಲ. ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನ ಮಾಡಬಹುದು."

ಅವಳು ನಕ್ಕಳು. ಅವನಿಗೆ ಧೈರ್ಯ ಬಂತು.

"ಕೊರತೆ ಅಂದ್ರೆ, ತೋಳ ಜಾಸ್ತಿಯಾಯ್ತು. ಅಕ್ಷರ ಸಣ್ಣ. ಬಾಗಿಲು ತೆಗೆಯಬೇಕಾದರೂ ನಾಲ್ಕು ಪುಟ ಮಾತು. ಕೊಂಡ ಬುತ್ತಿ ವಾಪಸು ತೆಗೆದುಕೊಳ್ಳುವುದಿಲ್ಲ. ಮತ್ತೆ ಕೋಟೆ ಅಕ್ಕನ ಮಗನಿಗೆ ಕೊಟ್ಟರೆ ಸೋಲುವುದು ಸರಿಯಲ್ಲ. ಆ ಪ್ರಶ್ನೆಯೇ ಬೇಡವಿತ್ತು."

"ಬೇರೆ ಯಾರ ಆಟದಲ್ಲಿಯೂ ಆ ಪ್ರಶ್ನೆ ಇಲ್ಲ," ಎಂದಳು ಪ್ರಣೀತಾ. "ನಿಮಗೆ ಕಳಿಸಿದ್ದಕ್ಕೆ ಮಾತ್ರ ನಾನು ಸೇರಿಸಿದ್ದು."

ಕೀರ್ತನನ ಬಾಯಲ್ಲಿ ಸ್ಟ್ರಾ ಹಾಗೆಯೇ ಉಳಿಯಿತು.

"ನಮ್ಮ ಅಪ್ಪನ ಹೋಟೆಲು ಅವರ ಅಕ್ಕನ ಮಕ್ಕಳಿಗೆ ಹೋಯಿತು. ಅಮ್ಮ ಈಗಲೂ ಅದೇ ಹೋಟೆಲಿಗೆ ಇಡ್ಲಿ ಬೇಯಿಸಿ ಕೊಡ್ತಾರೆ. ಹಾಗಾಗಿ ನಿಮ್ಮ ಮನಸ್ಸಿನಲ್ಲಿ ಎಂತ ಉಂಟು ಅಂತ ನೋಡಿದೆ."

"ಅಯ್ಯೋ, ಅದು ನಾನಲ್ಲ. ಅದನ್ನು ಒತ್ತಿದ್ದು ಅಕ್ಕ," ಎಂದ ಕೀರ್ತನ್ ಗಡಿಬಿಡಿಯಲ್ಲಿ. "ಹೇಳಿದ್ದು ಮಾವ."

ಪ್ರಣೀತಾ ಗ್ಲಾಸು ಬದಿಗೆ ಸರಿಸಿದಳು. "ನೀವೇ ಒತ್ತಿದ್ದರೆ ಮಾತಾಡಿ ಸರಿ ಮಾಡಬಹುದಿತ್ತು," ಎಂದು ಚೀಲ ಹೆಗಲಿಗೇರಿಸಿದಳು. ಜ್ಯೂಸಿನ ದುಡ್ಡು ಅವಳೇ ಕೊಟ್ಟಳು.

ಕೀರ್ತನ್ ಮನೆಗೆ ಬಂದಾಗ ಜಗಲಿಯಲ್ಲಿ ಮೂವರೂ ಕೂತೇ ಇದ್ದರು. ಸುಗಂಧಿ ಕೋಟೆ ಸುಡುವ ಮೊದಲಿನ ಜಾಗದಿಂದ ಆಟವನ್ನು ಮತ್ತೆ ಶುರು ಮಾಡಿದ್ದಳು.

"ಎಂತಾಯ್ತು ಮಾರಾಯ?" ಮಾವ ಕೇಳಿದರು. "ಈ ಸಲ ಮಗನಿಗೇ ಕೊಟ್ಟೆವು. ಗೆದ್ದೆವು."

ಒಂದು ದಿನದ ವ್ಯಾಪಾರ ಹೋಗಿತ್ತು, ಹುಡುಗಿ ಹೋಗಿದ್ದಳು. ಕೈಯಲ್ಲಿ ಉಳಿದದ್ದು ನಲವತ್ತು ಬುತ್ತಿ, ಅದೂ ಆಟದ ಒಳಗೆ.