ಎಷ್ಟು ದಿನ ಇರುತ್ತೀರಿ?

‘ಯಾವಾಗ ಹೊರಡುತ್ತೀರಿ?’ ಎಂದು ಅತ್ತೆಯನ್ನು ಕೇಳುವ ಗಂಡೆದೆ ನಿಮ್ಮಲ್ಲಿ ಯಾರಿಗಾದರೂ ಇದೆಯೇ? ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನನಗಂತೂ ಬಂದಿಲ್ಲ. ಆದರೆ ನಾನು ಜೋಗ್ಜಾ ಪಟ್ಟಣದ ಒಂದು ಗಲ್ಲಿಯ ಚುನಾಯಿತ ಮುಖ್ಯಸ್ಥ. (ಸಂಬಳವಿಲ್ಲ, ರಬ್ಬರ್ ಮೊಹರಿದೆ.) ಹೋದ ತಿಂಗಳು ಗಲ್ಲಿಯಲ್ಲಿ ಎರಡು ಸೈಕಲ್ ಕಳುವಾದವು. ಭದ್ರತೆ ಬಿಗಿಮಾಡಿ, ಬಂದ ನೆಂಟರೆಲ್ಲ ಇಪ್ಪತ್ತನಾಲ್ಕು ಗಂಟೆಯೊಳಗೆ ಮುಖ್ಯಸ್ಥನ ಬಳಿ ಹೆಸರು ಬರೆಸಲಿ ಎಂದು ಮೇಲಿನಿಂದ ಆದೇಶ ಬಂತು. ಅತಿಥಿ ರಿಜಿಸ್ಟರಿನ ಧೂಳು ಕೊಡವಿ ನೋಡಿದೆ. ಹೆಸರು, ಊರು, ಬಂದ ಕಾರಣ... ಕೊನೆಯ ಕಾಲಂ ಕಂಡು ಮೈ ಜುಮ್ಮೆಂದಿತು: ‘ಎಷ್ಟು ದಿನ ಇರುತ್ತೀರಿ?’

ಆದೇಶ ಬಂದ ಸೋಮವಾರವೇ ಮದಿಯುನ್ ಊರಿನಿಂದ ನಮ್ಮತ್ತೆ ಸುಮೀರಾ ಬಂದಿಳಿದಿದ್ದರು. ಸಂಜೆಯೊಳಗೆ ನನ್ನ ಬೆತ್ತದ ಕುರ್ಚಿ ಅವರದಾಯಿತು. ನಾನು ಮುದ್ದಿನಿಂದ ಸಾಕಿದ ಕಾಡುಪಾರಿವಾಳ ಕೂಗಿ ಅವರ ನಿದ್ದೆ ಕೆಡಿಸುತ್ತದೆಂದು ಅದರ ಪಂಜರ ಹಿತ್ತಲ ಬಾವಿಯ ಹಿಂದಕ್ಕೆ ಹೋಯಿತು.

ಮಂಗಳವಾರ ಬೆಳಿಗ್ಗೆ ಬಾತಿಕ್ ಅಂಗಿ ತೊಟ್ಟು, ಮೊಹರು ಮುಂದಿಟ್ಟುಕೊಂಡು ಅತ್ತೆಯನ್ನು ಕರೆದೆ. ಮೂರು ಕಾಲಂ ಸಲೀಸಾಗಿ ತುಂಬಿದವು. ನಾಲ್ಕನೆಯದನ್ನು ಗಂಟಲು ಸರಿಮಾಡಿಕೊಂಡು ಓದಿದೆ.

“ಏನಂದ್ರಿ ಅಳಿಯಂದ್ರೇ?”

“ನಾನಲ್ಲ ಅತ್ತೆ, ಸರ್ಕಾರ ಕೇಳ್ತಿದೆ.”

“ಹಾಗಿದ್ರೆ ಸರ್ಕಾರಾನೇ ಕರೆಸಿ, ಉತ್ತರ ಕೊಡ್ತೀನಿ. ನನ್ನ ಮಗಳ ಮನೇಲಿ ನಾನು ಎಷ್ಟು ದಿನ ಇರ್ತೀನೋ ಅದು ನನ್ನ ಸ್ವಂತ ವಿಷಯ. ಬೇರೆಯವರು ಏನು ಬರೆಸಿದಾರೆ? ಕೊಡಿ ಇಲ್ಲಿ.”

ರಿಜಿಸ್ಟರ್ ಅವರ ಕೈಗೆ ಹೋಯಿತು. (ಪ್ರಮಾದ! ಮಹಾಪ್ರಮಾದ!)

“ಇದ್ಯಾರು, ಪಕ್ಕದ ಮನೆ ದರ್ಸೋನೋನ ಭಾವಮೈದ? ಬಂದ ಕಾರಣ, ವಿಶ್ರಾಂತಿ. ಮೂರು ತಿಂಗಳಿಂದ ವಿಶ್ರಾಂತಿನಾ? ಯಾವ ಗುಡ್ಡ ಅಗೆದು ದಣಿದಿದಾನಂತೆ?”

“ಅದು ಅವರ ಖಾಸಗಿ ವಿಷಯ ಅತ್ತೆ.”

“ನಂದು ಖಾಸಗಿ. ಅವನದು ಭದ್ರತೆ.”

ನನ್ನ ಹೆಂಡತಿ ಕಿನಾಸಿ ಅಡುಗೆಮನೆಯಿಂದ ಕಿಸಕ್ಕೆಂದಳು. ನಾನು ಸೆಟೆದುಕೊಂಡು ಕಚೇರಿಗೆ ಹೋದೆ.

ಸಂಜೆ ಬಂದರೆ ಜಗಲಿಯಲ್ಲಿ ಸಾಲು! ಬೆತ್ತದ ಕುರ್ಚಿಯಲ್ಲಿ ಅತ್ತೆ, ತೊಡೆಯ ಮೇಲೆ ರಿಜಿಸ್ಟರ್. ನೆಂಟರು ಮಾತ್ರವಲ್ಲ, ಹುಟ್ಟಿದಾಗಿನಿಂದ ಇಲ್ಲೇ ಇರುವವರೂ ನಿಂತಿದ್ದರು. ಮದುವೆ ಯಾಕಾಗಿಲ್ಲ ಎಂಬಲ್ಲಿಂದ ಹಿಡಿದು ಮೂಲವ್ಯಾಧಿ ಹೇಗಿದೆ ಎಂಬುದರವರೆಗೆ ಅತ್ತೆ ಕೇಳುತ್ತಿದ್ದರು, ಉತ್ತರಿಸಿದವರಿಗೆ ಒಂದು ಲೋಟ ಬೆಲ್ಲದ ಶುಂಠಿ ಕಷಾಯ. ಜನ ಖುಷಿಯಾಗಿ ಮಾನ ಕಳೆದುಕೊಂಡು ಹೋಗುತ್ತಿದ್ದರು.

ಗುರುವಾರ ಬೆಳಿಗ್ಗೆ ಕಳುವಾದ ಎರಡೂ ಸೈಕಲ್ ಗಲ್ಲಿಯ ಬಾಯಲ್ಲಿ ನಿಂತಿದ್ದವು. ಅತ್ತೆಯ ಮುಂದೆ ಕೂರುವುದಕ್ಕಿಂತ ಸೈಕಲ್ ಬಿಡುವುದೇ ವಾಸಿ ಎಂದು ಕಳ್ಳನಿಗೆ ಅನ್ನಿಸಿರಬೇಕು. ಗಲ್ಲಿಗೆ ಗಲ್ಲಿಯೇ ಅತ್ತೆಯನ್ನು ಕೊಂಡಾಡಿತು. ನನ್ನನ್ನು ಒಬ್ಬರೂ ವಿಚಾರಿಸಲಿಲ್ಲ, ಹೊಟ್ಟೆ ಉರಿಯಿತು.

“ಹೋಗ್ಲಿ ಬಿಡೇ, ಕಳ್ಳತನದ ಕಾಟ ತಪ್ಪಿತು,” ಎಂದೆ ಕಿನಾಸಿಗೆ. “ಇನ್ನು ನಿಮ್ಮಮ್ಮ ನೆಮ್ಮದಿಯಾಗಿ ಊರಿಗೆ ಹೊರಡಬಹುದು.”

“ಅಯ್ಯೋ, ನಿಮಗೆ ಹೇಳೋದೇ ಮರೆತೆ ಕಣ್ರೀ. ಅಮ್ಮ ಬಂದಿದ್ದೇ ಐದು ದಿನಕ್ಕೆ. ಬರುವಾಗಲೇ ಶನಿವಾರದ ರೈಲಿಗೆ ಟಿಕೆಟ್ ಮಾಡಿಸಿದ್ರು. ಇವತ್ತು ರದ್ದು ಮಾಡಿಸಿದಾರೆ.”

“ಯಾಕೆ?!”

“ಈ ಗಲ್ಲೀನ ನಿಮ್ಮ ಕೈಗೆ ಬಿಟ್ಟು ಹೋಗೋಕೆ ಅವರಿಗೆ ಮನಸ್ಸು ಬರ್ತಿಲ್ವಂತೆ.”

ಕೇಳದೆ ಸುಮ್ಮನಿದ್ದಿದ್ದರೆ ಶನಿವಾರ ನಾನು ಸ್ವತಂತ್ರ! ಜಗಲಿಗೆ ಓಡಿ ರಿಜಿಸ್ಟರ್ ತೆರೆದೆ. ಅತ್ತೆಯ ಹೆಸರಿನ ಮುಂದೆ ಕೊನೆಯ ಕಾಲಂ ತುಂಬಿತ್ತು, ಅವರದೇ ದುಂಡು ಅಕ್ಷರದಲ್ಲಿ: ‘ಗಲ್ಲಿಯ ಭದ್ರತೆಗೆ ಬೇಕಾದಷ್ಟು ದಿನ.’ ಕೆಳಗೆ ನನ್ನ ಮೊಹರು ಬಿದ್ದಿತ್ತು.

ಈಗ ದಿನಾ ಅವರ ಕೈಯ ಹಲಸಿನಕಾಯಿ ಪಲ್ಯ ತಿನ್ನುತ್ತಿದ್ದೇನೆ. ಸುಳ್ಳೇಕೆ ಹೇಳಲಿ, ಬಲು ರುಚಿ. ಊಟವಾದ ಮೇಲೆ ಬಾವಿಯ ಹಿಂದೆ ಪಾರಿವಾಳದ ಜೊತೆ ಕೂರುತ್ತೇನೆ. ನಿನ್ನೆ ಅಲ್ಲಿಗೂ ಅತ್ತೆ ಬಂದರು, ರಿಜಿಸ್ಟರ್ ಸಮೇತ.

“ಅಳಿಯಂದ್ರೇ, ದಿನಾ ಇಲ್ಲೇ ಇರ್ತೀರಲ್ಲ, ಕಾರಣ ಬರೆಸಿ. ಹಾಗೇ, ಎಷ್ಟು ದಿನ?”